ದಾವಣಗೆರೆಯಿಂದ ವೀಸಾ ಅರ್ಜಿ: ಏಜೆಂಟ್ ಹತ್ತಿರ ಕೊಡೋದಾ, ನಾವೇ ಹಾಕೋದಾ?

ಮಗಳ ಬಾಣಂತನಕ್ಕೆ ಅಮೆರಿಕ, ಮಗನ ಪದವಿ ಪ್ರದಾನಕ್ಕೆ ಇಂಗ್ಲೆಂಡ್, ರಿಟೈರ್ ಆದ ಮೇಲೆ ಒಂದು ಸಲ ಸ್ವಿಟ್ಜರ್ಲೆಂಡ್. ದಾವಣಗೆರೆಯ ವಿದ್ಯಾನಗರ, ಪಿ.ಜೆ. ಬಡಾವಣೆಯಲ್ಲಿ ಮಾತ್ರವಲ್ಲ, ಹರಿಹರ, ಚನ್ನಗಿರಿ ಕಡೆಯ ಮನೆಗಳಲ್ಲೂ ಈಗ ಈ ಮಾತು ಮಾಮೂಲಿ. ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ಏಜೆಂಟ್ ಹತ್ತಿರ ಕೊಡೋದಾ, ನಾವೇ ಹಾಕೋದಾ? ಖರ್ಚೆಲ್ಲ ಮಗನದು ಅಂತ ಬರೆಯೋದಾ, ನಮ್ಮ ದುಡ್ಡೇ ತೋರಿಸೋದಾ? ಟಿಕೆಟ್ ಮೊದಲೇ ತಗೋಬೇಕಾ?

ಒಂದೊಂದಕ್ಕೂ ಎರಡು ದಾರಿ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ. ನೋಡುವಾಗ ಒಂದು ವಿಷಯ ಮನಸ್ಸಿನಲ್ಲಿರಲಿ. ಅರ್ಜಿ ಓದುವ ಅಧಿಕಾರಿಗೆ ನೀವು ಯಾರು ಅಂತ ಗೊತ್ತಿಲ್ಲ. ಊರಿನಲ್ಲಿ ನಿಮಗಿರುವ ಮರ್ಯಾದೆ, ತೋಟ, ಅಂಗಡಿ ಯಾವುದೂ ಅವರಿಗೆ ಕಾಣುವುದಿಲ್ಲ. ನಿಮ್ಮ ದುಡ್ಡು ಎಲ್ಲಿಂದ ಬರುತ್ತದೆ, ನೀವು ಯಾಕೆ ವಾಪಸ್ ಬಂದೇ ಬರುತ್ತೀರಿ ಅನ್ನುವುದನ್ನು ಕಾಗದಗಳೇ ಹೇಳಬೇಕು. ಯಾವ ದಾರಿ ಹಿಡಿದರೆ ಅದು ಸ್ಪಷ್ಟವಾಗಿ ಕಾಣುತ್ತದೋ ಅದೇ ನಿಮಗೆ ಸರಿಯಾದ ದಾರಿ.

ಮೂರು ಕಡೆ, ಮೂರು ಥರದ ಪರೀಕ್ಷೆ

ವೀಸಾ ಅಂದರೆ ಎಲ್ಲ ಒಂದೇ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ನಮ್ಮವರು ಜಾಸ್ತಿ ಹೋಗುವ ಮೂರು ಕಡೆಗೆ ಮೂರು ಬೇರೆ ಪದ್ಧತಿ ಇದೆ, ತಯಾರಿಯೂ ಬೇರೆ.

ಯುರೋಪಿನದು ಷೆಂಗೆನ್ ವೀಸಾ. ಒಂದು ವೀಸಾದಲ್ಲಿ 29 ದೇಶ ಓಡಾಡಬಹುದು. ಸ್ವಿಟ್ಜರ್ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲದಿದ್ದರೂ ಇದರಲ್ಲಿ ಸೇರಿದೆ. ದೊಡ್ಡವರಿಗೆ ಶುಲ್ಕ 90 ಯುರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45. ಇದು 2024ರ ಜೂನ್‌ನಲ್ಲಿ ಬಂದ ದರ. ಇದರ ಮೇಲೆ ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಇಲ್ಲಿ ನಡೆಯುವುದು ಕಾಗದದ ಪರೀಕ್ಷೆ. ಕೇಳಿದ ಕಾಗದ ಕೇಳಿದ ಕ್ರಮದಲ್ಲಿ ಇರಬೇಕು. 30,000 ಯುರೋ ಮೊತ್ತದ ಪ್ರವಾಸ ವಿಮೆ ಕಡ್ಡಾಯ. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ ಹಿಡಿಯುತ್ತದೆ, ಕೆಲವು ಅರ್ಜಿಗಳಿಗೆ 45 ದಿನವೂ ಆಗಬಹುದು. ಹಾಗಾಗಿ ಕೊನೆಯ ಗಡುವನ್ನು ನಂಬಿ ಕೂರಬೇಡಿ.

ಎಷ್ಟೋ ಜನ ಎಡವುವುದು ಯಾವ ದೇಶಕ್ಕೆ ಅರ್ಜಿ ಹಾಕಬೇಕು ಅನ್ನುವಲ್ಲಿ. ಜಾಸ್ತಿ ದಿನ ಎಲ್ಲಿರುತ್ತೀರೋ ಆ ದೇಶಕ್ಕೇ ಹಾಕಬೇಕು. ಎಲ್ಲ ಕಡೆ ಸಮ ದಿನ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ. "ಫ್ರಾನ್ಸ್ ಸ್ಲಾಟ್ ಇಲ್ಲ, ಬೇರೆ ದೇಶಕ್ಕೆ ಹಾಕಿ ಪ್ಯಾರಿಸ್‌ನಲ್ಲೇ ಇರಿ" ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ನಿಮ್ಮ ಹೋಟೆಲ್ ಬುಕಿಂಗೇ ನಿಮಗೆ ಎದುರು ಸಾಕ್ಷಿ ಹೇಳುತ್ತದೆ.

ಬ್ರಿಟನ್ನಿನ ವಿಸಿಟರ್ ವೀಸಾಕ್ಕೆ ಎಲ್ಲ ಆನ್‌ಲೈನ್. ಫಾರಂ ತುಂಬಿ, ಕಾಗದಗಳನ್ನು ಸ್ಕ್ಯಾನ್ ಮಾಡಿ ಏರಿಸಿ, ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕು. ಪ್ರಯಾಣಕ್ಕೆ ಮೂರು ತಿಂಗಳಿಗಿಂತ ಮುಂಚೆ ಹಾಕಲು ಬರುವುದಿಲ್ಲ. ಉತ್ತರ ಸುಮಾರು ಮೂರು ವಾರದಲ್ಲಿ ಬರುತ್ತದೆ. ಇವರು ದುಡ್ಡಿನ ಮೂಲವನ್ನು ತುಂಬ ಸೂಕ್ಷ್ಮವಾಗಿ ನೋಡುತ್ತಾರೆ. ಖಾತೆಯಲ್ಲಿ ಎಷ್ಟಿದೆ ಅನ್ನುವುದಕ್ಕಿಂತ ಹೇಗೆ ಬಂತು ಅನ್ನುವುದೇ ಮುಖ್ಯ.

ಅಮೆರಿಕಕ್ಕೆ ಭೇಟಿಗೆ ಹೋಗುವವರ ಬಿ1/ಬಿ2 ವೀಸಾಕ್ಕೆ ಶುಲ್ಕ 185 ಡಾಲರ್. ಡಿಎಸ್-160 ಅನ್ನುವ ಆನ್‌ಲೈನ್ ಅರ್ಜಿ ಫಾರಂ ತುಂಬಿ, ಒಂದು ದಿನ ಬೆರಳಚ್ಚು, ಇನ್ನೊಂದು ದಿನ ಇಂಟರ್‌ವ್ಯೂ. ಇಲ್ಲಿ ಮಾತೇ ಪರೀಕ್ಷೆ. ಕೌಂಟರ್ ಎದುರು ನಿಲ್ಲುವುದು ಕೆಲವೇ ನಿಮಿಷ. ನೀವು ಹೊತ್ತುಕೊಂಡು ಹೋದ ಫೈಲನ್ನು ತೆರೆಯದೆಯೂ ಇರಬಹುದು. ಅವರ ಕಾನೂನಿನ 214(ಬಿ) ಕಲಮಿನ ಪ್ರಕಾರ, ಬಂದವರೆಲ್ಲ ಅಲ್ಲೇ ನೆಲೆಸಲು ಬಂದವರು ಅಂತಲೇ ಅಧಿಕಾರಿ ಶುರುಮಾಡಬೇಕು. ಅಲ್ಲ ಅಂತ ತೋರಿಸುವುದು ನಮ್ಮ ಕೆಲಸ. ಮೊದಲು 79 ದಾಟಿದವರಿಗೆ ಇಂಟರ್‌ವ್ಯೂ ಬೇಡ ಅನ್ನುವ ಅನುಕೂಲ ಇತ್ತು. 2025ರ ಸೆಪ್ಟೆಂಬರ್‌ನಿಂದ ಅದೂ ಹೋಯಿತು. ವೀಸಾ ಸಿಕ್ಕರೆ ಮಾತ್ರ ಸಾಮಾನ್ಯವಾಗಿ 10 ವರ್ಷಕ್ಕೆ ಸಿಗುತ್ತದೆ.

ಆದ್ದರಿಂದ ಯುರೋಪಿಗೆ ಫೈಲ್ ಜೋಡಿಸುವುದರಲ್ಲಿ ಸಮಯ ಹಾಕಿ. ಬ್ರಿಟನ್ನಿಗೆ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ. ಅಮೆರಿಕಕ್ಕೆ ಅಪ್ಪ ಅಮ್ಮನ ಜೊತೆ ಕೂತು ಮಾತಾಡುವುದರಲ್ಲಿ. ಮಗಳ ಹೆರಿಗೆ ಸಮಯಕ್ಕೆ ಜೊತೆಗಿರಲು ಹೋಗುತ್ತಿದ್ದರೆ ಅದನ್ನೇ ಹೇಳಲಿ. "ಸುಮ್ನೆ ಊರು ನೋಡೋಕೆ" ಅಂತ ಕಲಿಸಿಕೊಟ್ಟ ಮಾತು ಎರಡನೇ ಪ್ರಶ್ನೆಗೇ ತಡವರಿಸುತ್ತದೆ.

ಏಜೆಂಟಾ, ಸ್ವಂತವಾ?

ಮೊದಲು ಒಂದು ತಪ್ಪು ನಂಬಿಕೆ ಬಿಡಬೇಕು. ಯಾವ ಏಜೆಂಟಿಗೂ ವೀಸಾ ಕೊಡಿಸುವ ಶಕ್ತಿ ಇಲ್ಲ. ಬೆಂಗಳೂರಿನಲ್ಲಿ ಕಾಗದ ತೆಗೆದುಕೊಳ್ಳುವ ವಿಎಫ್‌ಎಸ್ ಅನ್ನುವ ಕಂಪನಿಗೂ ಇಲ್ಲ. ಅವರು ಅರ್ಜಿ, ಬೆರಳಚ್ಚು ತೆಗೆದುಕೊಂಡು ಮುಂದೆ ಕಳಿಸುತ್ತಾರೆ, ಅಷ್ಟೇ. ತೀರ್ಮಾನ ಆಯಾ ದೇಶದ ಅಧಿಕಾರಿಯದು. "ನಮಗೆ ಒಳಗೆ ಪರಿಚಯ ಇದೆ" ಅಂದವರ ಅಂಗಡಿಯಿಂದ ಎದ್ದು ಬನ್ನಿ.

ಹಾಗಾದರೆ ಏಜೆಂಟ್ ಯಾಕೆ ಬೇಕು? ಇಂಗ್ಲಿಷ್ ಫಾರಂ ಓದುವವರು ಮನೆಯಲ್ಲಿ ಇಲ್ಲದಿದ್ದರೆ, ನಾಲ್ಕೈದು ಜನ ಒಟ್ಟಿಗೆ ಹೋಗುತ್ತಿದ್ದರೆ, ಟಿಕೆಟ್, ವಿಮೆ, ಹೋಟೆಲ್ ಎಲ್ಲ ಒಂದೇ ಕಡೆ ಆಗಬೇಕು ಅನ್ನುವುದಾದರೆ ಒಳ್ಳೆಯ ಏಜೆಂಟಿನಿಂದ ನಿಜವಾಗಿ ಅನುಕೂಲವಿದೆ. ಯಾವ ಕಾಗದ ಬಿಟ್ಟುಹೋಗಿದೆ ಅಂತ ಅನುಭವದ ಕಣ್ಣಿಗೆ ಬೇಗ ಕಾಣುತ್ತದೆ. ದುಬೈ ಟ್ರಿಪ್ ಥರದ್ದಕ್ಕೆ ಏಜೆಂಟ್ ಅಥವಾ ವಿಮಾನ ಕಂಪನಿಯ ಮೂಲಕ ಹೋಗುವುದೇ ಸುಲಭ. ಸಿಂಗಪುರಕ್ಕಂತೂ ಅವರು ಮಾನ್ಯತೆ ಕೊಟ್ಟ ಏಜೆಂಟರ ಮೂಲಕವೇ ಅರ್ಜಿ ಹೋಗುವುದು ರೂಢಿ. ಅದಕ್ಕೆ ತದ್ವಿರುದ್ಧವಾಗಿ ವಿಯೆಟ್ನಾಂ ಇ-ವೀಸಾ ಸರ್ಕಾರಿ ವೆಬ್‌ಸೈಟಿನಲ್ಲೇ 25 ಡಾಲರಿಗೆ ಸಿಗುತ್ತದೆ. ಅದಕ್ಕೆ ಏಜೆಂಟಿಗೆ ದುಪ್ಪಟ್ಟು ಕೊಡುವ ಅಗತ್ಯವೇ ಇಲ್ಲ.

ಆದರೆ ಅಮೆರಿಕ, ಬ್ರಿಟನ್ ವೀಸಾಕ್ಕೆ ನನ್ನ ಸಲಹೆ: ಫಾರಂ ಮನೆಯವರೇ ತುಂಬಿ. ಕೆಲಸ ಕಷ್ಟ ಅಂತಲ್ಲ, ಅದು ಮನೆಯ ವಿಷಯ ಗೊತ್ತಿರುವವರ ಕೈಯಲ್ಲೇ ಸರಿಯಾಗುತ್ತದೆ. ನಿಮ್ಮ ತಮ್ಮ ಯಾವ ವೀಸಾದಲ್ಲಿ ಅಲ್ಲಿದ್ದಾನೆ, ನೀವು ಯಾವ ವರ್ಷ ರಿಟೈರ್ ಆದಿರಿ, ಹಿಂದೆ ಯಾವುದಾದರೂ ವೀಸಾ ರಿಜೆಕ್ಟ್ ಆಗಿತ್ತಾ ಅನ್ನುವುದು ಏಜೆಂಟ್ ಅಂಗಡಿಯ ಹುಡುಗನಿಗೆ ಗೊತ್ತಿಲ್ಲ. ಸಂಜೆ ಹೊತ್ತಿಗೆ ಹತ್ತು ಫಾರಂ ಮುಗಿಸಬೇಕಾದ ಅವನು ಖಾಲಿ ಜಾಗಕ್ಕೆ 'ಇಲ್ಲ' ಅಂತ ಹಾಕಿ ಮುಂದೆ ಹೋಗುತ್ತಾನೆ. ಸಹಿ ಮಾತ್ರ ನಿಮ್ಮದು. ಬ್ರಿಟನ್ ಅರ್ಜಿಯಲ್ಲಿ ಮೋಸ ಮಾಡಿದ್ದಾರೆ ಅಂತ ತೀರ್ಮಾನವಾದರೆ 10 ವರ್ಷದ ನಿಷೇಧ ಬೀಳಬಹುದು. ಅಮೆರಿಕದಲ್ಲಿ ಸುಳ್ಳು ಹೇಳಿ ವೀಸಾ ಕೇಳಿದ್ದು ಸಾಬೀತಾದರೆ ಜೀವನಪೂರ್ತಿ ತೊಂದರೆ. ಡಿಎಸ್-160ರಲ್ಲಿ ಫಾರಂ ತುಂಬಲು ಯಾರಾದರೂ ಸಹಾಯ ಮಾಡಿದರಾ ಅನ್ನುವ ಪ್ರಶ್ನೆಯೂ ಇದೆ. ಅದಕ್ಕೂ ನಿಜವೇ ಬರೆಯಬೇಕು.

ಏಜೆಂಟ್ ಹತ್ತಿರವೇ ಕೊಡುವುದಾದರೆ ಎರಡು ಷರತ್ತು ಹಾಕಿ. ಅರ್ಜಿಯಲ್ಲಿ ಇಮೇಲ್, ಫೋನ್ ನಂಬರ್ ನಿಮ್ಮದೇ ಇರಬೇಕು, ಅವರದಲ್ಲ. ಎಂಬೆಸಿಯವರು ಒಂದು ಕಾಗದ ಕೇಳಿ ಮೇಲ್ ಕಳಿಸಿದರೆ ಅದು ನಿಮಗೇ ಬರಬೇಕು ಅಲ್ವಾ? ಇನ್ನೊಂದು, ಸಬ್ಮಿಟ್ ಮಾಡುವ ಮುಂಚೆ ಪೂರ್ತಿ ಫಾರಂನ ಪಿಡಿಎಫ್ ವಾಟ್ಸಾಪಿಗೆ ಹಾಕಿಸಿಕೊಂಡು, ಹೊರದೇಶದಲ್ಲಿರುವ ಮಕ್ಕಳಿಗೆ ಕಳಿಸಿ ಓದಿಸಿ. ಇದಕ್ಕೆ ಒಪ್ಪದ ಏಜೆಂಟ್ ಬೇಡ.

ದುಡ್ಡು: ಇಲ್ಲೇ ಅರ್ಜಿ ಗೆಲ್ಲುವುದು, ಇಲ್ಲೇ ಸೋಲುವುದು

ಸಂಬಳದವರಿಗೆ, ಪಿಂಚಣಿಯವರಿಗೆ ಇದು ಸಲೀಸು. ಪ್ರತಿ ತಿಂಗಳೂ ಒಂದೇ ಕಡೆಯಿಂದ ದುಡ್ಡು ಬರುತ್ತದೆ, ಸ್ಟೇಟ್‌ಮೆಂಟ್ ತಾನೇ ಮಾತಾಡುತ್ತದೆ. ಪಿಂಚಣಿ ಆದೇಶದ ಪ್ರತಿ ಜೊತೆಗಿಟ್ಟರೆ ಮುಗಿಯಿತು. ಅಂಗಡಿಯವರಾದರೆ ಜಿಎಸ್‌ಟಿ ನೋಂದಣಿ, ಪಾಲಿಕೆಯ ಉದ್ದಿಮೆ ಪರವಾನಗಿ, ಎರಡು ಮೂರು ವರ್ಷದ ಐಟಿ ರಿಟರ್ನ್.

ತಲೆಬಿಸಿ ಇರುವುದು ಬೇಸಾಯದ ಮನೆಗಳಿಗೆ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಹಾಗಾಗಿ ಎಷ್ಟೋ ಮನೆಗಳಲ್ಲಿ ರಿಟರ್ನ್ ಹಾಕುವ ಅಭ್ಯಾಸವೇ ಇಲ್ಲ. ಚನ್ನಗಿರಿಯಲ್ಲಿ ಒಳ್ಳೆಯ ಅಡಿಕೆ ತೋಟ ಇರುವವರು ಕೂಡ ಕಾಗದದ ಮೇಲೆ ಆದಾಯವೇ ಇಲ್ಲದವರಂತೆ ಕಾಣುತ್ತಾರೆ. ಆಗ ಮುಂದಿರುವ ದಾರಿ ಎರಡು: ತೋಟದ ಆದಾಯವನ್ನು ಕಾಗದಕ್ಕೆ ತರುವುದು, ಇಲ್ಲವೇ ಪೂರ್ತಿ ಮಕ್ಕಳ ಪ್ರಾಯೋಜಕತ್ವದ ಮೇಲೆ ಹೋಗುವುದು.

ಎರಡನೆಯದು ಸುಲಭ ಅನಿಸುತ್ತದೆ. ಮಗ ಒಂದು ಪತ್ರ ಬರೆದು, ಅವನ ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ಕಳಿಸಿದರೆ ಆಯಿತು. ಜರ್ಮನಿಯಾದರೆ ಅವನು ಅಲ್ಲಿನ ವಿದೇಶಿಯರ ಕಚೇರಿಗೆ ಹೋಗಿ ಖರ್ಚಿನ ಹೊಣೆ ಹೊರುವ ಅಧಿಕೃತ ಪತ್ರ ಮಾಡಿಸಬೇಕು. ಫ್ರಾನ್ಸಿನಲ್ಲಿ ಮನೆಯಲ್ಲಿ ಉಳಿಸಿಕೊಳ್ಳಲು ಊರಿನ ಪುರಸಭೆಯಿಂದ ಪತ್ರ ಪಡೆಯಬೇಕು. ಇದೆಲ್ಲ ಸರಿ. ಆದರೆ ಮಗನ ಕಾಗದ ಹೇಳುವುದು ಅಲ್ಲಿ ಇರುವಷ್ಟು ದಿನ ಖರ್ಚು ಯಾರದು ಅಂತ ಮಾತ್ರ. ಅಪ್ಪ ಅಮ್ಮ ಯಾಕೆ ವಾಪಸ್ ಬರುತ್ತಾರೆ ಅಂತ ಅದು ಹೇಳುವುದಿಲ್ಲ. ಮಗನೂ ಅಲ್ಲಿ, ದುಡ್ಡೂ ಅಲ್ಲಿ, ಇಲ್ಲಿ ಏನೂ ಇಲ್ಲ ಅಂತ ಅಧಿಕಾರಿಗೆ ಅನ್ನಿಸಿದರೆ ಕಷ್ಟ.

ಅದಕ್ಕೇ ನನಗೆ ಎರಡನ್ನೂ ಸೇರಿಸುವುದು ಒಳ್ಳೆಯದು ಅನಿಸುತ್ತದೆ. ಅಲ್ಲಿನ ಊಟ, ವಸತಿ ಮಗನದು ಅಂತ ಬರೆಯಿರಿ. ಟಿಕೆಟ್, ವಿಮೆ ನಿಮ್ಮ ದುಡ್ಡಿನಲ್ಲಿ ಅಂತ ಬರೆದು ನಿಮ್ಮ ಬದುಕನ್ನೂ ಕಾಗದದಲ್ಲಿ ತೋರಿಸಿ. ಪಹಣಿ, ಮನೆ ಕಂದಾಯದ ರಸೀದಿ, ಎಫ್‌ಡಿ, ತುಮ್ಕೋಸ್ ಥರದ ಸೊಸೈಟಿಗೆ ಅಥವಾ ಎಪಿಎಂಸಿಯಲ್ಲಿ ಮಾಲು ಹಾಕಿದ ಬಿಲ್. ದಲ್ಲಾಳಿ ಅಂಗಡಿಯ ಬಿಳಿ ಚೀಟಿ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಪಕ್ಕಾ ಬಿಲ್ ಬೇಕು, ಆ ಮೊತ್ತ ಖಾತೆಗೆ ಬಂದಿರಬೇಕು.

ಇಲ್ಲಿ ಒಂದು ಸೂಕ್ಷ್ಮ ಇದೆ. ಮೂರು ತಿಂಗಳ ಅಥವಾ ಆರು ತಿಂಗಳ ಸ್ಟೇಟ್‌ಮೆಂಟ್ ಕೇಳುವುದು ಸಂಬಳದವರನ್ನು ಮನಸ್ಸಿನಲ್ಲಿಟ್ಟುಕೊಂಡು. ಮೆಕ್ಕೆಜೋಳ ಅಕ್ಟೋಬರ್, ನವೆಂಬರ್‌ನಲ್ಲಿ ಕೈಗೆ ಬರುತ್ತದೆ. ಅದನ್ನು ಡಿಸೆಂಬರ್‌ನಲ್ಲಿ ಮಾರಿದವರು ಜುಲೈನಲ್ಲಿ ಅರ್ಜಿ ಹಾಕಿದರೆ, ಆರು ತಿಂಗಳ ಸ್ಟೇಟ್‌ಮೆಂಟಿನಲ್ಲಿ ಗೊಬ್ಬರ, ಬೀಜ, ಕೂಲಿಯ ಖರ್ಚು ಮಾತ್ರ ಕಾಣುತ್ತದೆ. ಆದಾಯದ ಸಾಲೇ ಇರುವುದಿಲ್ಲ. ಕೇಳದಿದ್ದರೂ ಒಂದು ವರ್ಷದ ಸ್ಟೇಟ್‌ಮೆಂಟ್ ಇಡಿ. ಮಾಲು ಮಾರಿ ದುಡ್ಡು ಬಂದ ಸಾಲಿಗೆ ಗುರುತು ಹಾಕಿ, ಅದರ ಬಿಲ್ಲನ್ನು ಪಕ್ಕದಲ್ಲೇ ಲಗತ್ತಿಸಿ. ಭದ್ರಾ ಅಚ್ಚುಕಟ್ಟಿನಲ್ಲಿ ಎರಡು ಬೆಳೆ ಭತ್ತ ತೆಗೆಯುವವರಿಗೆ ವರ್ಷದಲ್ಲಿ ಎರಡು ಸಲ ದುಡ್ಡು ಬರುತ್ತದೆ. ಅದನ್ನು ಕವರಿಂಗ್ ಲೆಟರಿನಲ್ಲಿ ಎರಡು ಸಾಲಿನಲ್ಲಿ ವಿವರಿಸಿ. ಭತ್ತದ ಸುಗ್ಗಿ ಯಾವಾಗ ಅಂತ ಆ ಅಧಿಕಾರಿಗೆ ನೀವೇ ಹೇಳಬೇಕು.

ಮಾಡಲೇಬಾರದ ಕೆಲಸ ಒಂದಿದೆ. ವರ್ಷಪೂರ್ತಿ ಮೂವತ್ತು, ನಲವತ್ತು ಸಾವಿರದಲ್ಲಿ ಓಡುವ ಖಾತೆಗೆ ಅರ್ಜಿಗೆ ಒಂದು ವಾರ ಮುಂಚೆ ಭಾವಮೈದುನನಿಂದ ಆರು ಲಕ್ಷ ತಂದು ಹಾಕುವುದು. ಬ್ಯಾಲೆನ್ಸ್ ದೊಡ್ಡದಾಗಿ ಕಾಣುತ್ತದೆ, ನಿಜ. ಆದರೆ ಸ್ಟೇಟ್‌ಮೆಂಟ್ ನೋಡುವವರ ಕಣ್ಣು ಮೊದಲು ಬೀಳುವುದೇ ಆ ಸಾಲಿನ ಮೇಲೆ. ನಿಮ್ಮದೇ ಎಫ್‌ಡಿ ಮುರಿಸಿ ಹಾಕಿದ್ದರೆ ಅದರ ರಸೀದಿ ಇಟ್ಟರೆ ಸಾಕು. ಸಾಲ ತಂದದ್ದಾದರೆ ಏನು ವಿವರಣೆ ಕೊಡುತ್ತೀರಿ? ಎರಡು ಲಕ್ಷ ಸ್ವಂತದ್ದು, ನಿಧಾನವಾಗಿ ಬೆಳೆದದ್ದು, ಇಂಥ ಆರು ಲಕ್ಷಕ್ಕಿಂತ ಎಷ್ಟೋ ಮೇಲು.

ಇನ್ನೂ ಒಂದು ವರ್ಷ ಸಮಯ ಇರುವವರು ಈಗಿನಿಂದಲೇ ರಿಟರ್ನ್ ಹಾಕಲು ಶುರುಮಾಡಿ. ತೆರಿಗೆ ಬರದಿದ್ದರೂ ಹಾಕಬಹುದು. ಕೃಷಿ ಆದಾಯ 5,000 ರೂಪಾಯಿ ದಾಟಿದರೆ ಐಟಿಆರ್-1 ನಡೆಯುವುದಿಲ್ಲ, ಐಟಿಆರ್-2 ಬೇಕು. ಸಿಎ ಹತ್ತಿರ ಹೋದಾಗ ಇದನ್ನು ನೆನಪಿಸಿ.

ಟಿಕೆಟ್ ಖರೀದಿಯಾ, ಬರೀ ರಿಸರ್ವೇಶನ್ನಾ?

ವೀಸಾ ಬರುವ ಮುಂಚೆ ಟಿಕೆಟ್ ಪೂರ್ತಿ ಖರೀದಿಸಬೇಕಿಲ್ಲ. ಷೆಂಗೆನ್‌ಗೆ ಹೋಗಿಬರುವ ರಿಸರ್ವೇಶನ್ ತೋರಿಸಿದರೆ ಸಾಮಾನ್ಯವಾಗಿ ಸಾಕು. ಟ್ರಾವೆಲ್ ಏಜೆನ್ಸಿಯಿಂದ ಹೋಲ್ಡ್ ಮಾಡಿಸಿದ ಟಿಕೆಟ್ಟಿಗೆ ನಿಜವಾದ ಪಿಎನ್‌ಆರ್ ಇರುತ್ತದೆ. ಅದನ್ನು ವಿಮಾನ ಕಂಪನಿಯ ವೆಬ್‌ಸೈಟಿನಲ್ಲಿ ನೀವೇ ಹಾಕಿ ನೋಡಿ. ಕಂಪ್ಯೂಟರಿನಲ್ಲಿ ಟೈಪ್ ಮಾಡಿದ ಡಮ್ಮಿ ಟಿಕೆಟ್ ಬೇಡ, ಅದು ನಕಲಿ ದಾಖಲೆ. ಹೋಟೆಲ್ಲಿಗೂ ಹಾಗೇ, ಉಚಿತವಾಗಿ ರದ್ದು ಮಾಡಬಹುದಾದ ನಿಜವಾದ ಬುಕಿಂಗ್ ಇರಲಿ. ವೀಸಾ ಬಂದ ದಿನವೇ ಎಲ್ಲ ರದ್ದು ಮಾಡಿ ಬೇರೆ ಪ್ಲಾನ್ ಮಾಡಿಕೊಳ್ಳುವುದು ಒಳ್ಳೆಯದಲ್ಲ. ವಿಮಾನ ನಿಲ್ದಾಣದಲ್ಲಿ ಮತ್ತೆ ಕೇಳಬಹುದು. ಬ್ರಿಟನ್, ಅಮೆರಿಕಕ್ಕೆ ಅರ್ಜಿ ಹಂತದಲ್ಲಿ ಟಿಕೆಟ್ಟೇ ಬೇಕಿಲ್ಲ. ಅಮೆರಿಕಕ್ಕೆ ವಿಮೆಯೂ ಕಡ್ಡಾಯವಲ್ಲ. ಆದರೆ ಅಲ್ಲಿನ ಆಸ್ಪತ್ರೆ ಬಿಲ್ ನೆನಪಿಟ್ಟುಕೊಂಡು ಹಿರಿಯರಿಗೆ ಮಾಡಿಸಿಯೇ ಕಳಿಸಿ. ಬಿಪಿ, ಶುಗರ್ ಇದ್ದರೆ ಮುಚ್ಚಿಡದೆ ಬರೆಸಿ.

ಹೆಸರು, ಫೋಟೊ, ಅನುವಾದ

ನಮ್ಮ ಕಡೆ ಅಮ್ಮಂದಿರ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇರುವುದು ತುಂಬ ಸಾಮಾನ್ಯ. ಸರ್‌ನೇಮ್ ಜಾಗ ಖಾಲಿ. ಅಮೆರಿಕದ ಫಾರಂನಲ್ಲಿ ಆ ಹೆಸರನ್ನು ಸರ್‌ನೇಮ್ ಜಾಗದಲ್ಲಿ ಬರೆದು, ಮೊದಲ ಹೆಸರಿನ (ಗಿವನ್ ನೇಮ್) ಜಾಗದಲ್ಲಿ FNU, ಅಂದರೆ 'ಮೊದಲ ಹೆಸರು ಗೊತ್ತಿಲ್ಲ', ಅಂತ ಹಾಕಬೇಕು. ಯುಎಇ 2022ರ ನವೆಂಬರ್‌ನಲ್ಲಿ ಒಂದೇ ಹೆಸರಿನ ಪಾಸ್‌ಪೋರ್ಟಿಗೆ ವಿಸಿಟ್ ವೀಸಾ ಇಲ್ಲ ಅಂದಿತು. ಆಮೇಲೆ ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರು ಇದ್ದರೆ ನಡೆಯುತ್ತದೆ ಅಂತ ತಿಳಿಸಿತು. ಮುಂದೆಯೂ ಓಡಾಟ ಇದೆ ಅನ್ನುವವರು ಪಾಸ್‌ಪೋರ್ಟ್ ನವೀಕರಿಸುವಾಗಲೇ ಎರಡೂ ಜಾಗ ತುಂಬಿಸುವುದು ಜಾಣತನ. ಈಗಿರುವುದರಲ್ಲೇ ನಡೆಸೋಣ ಅನ್ನುವವರು ಟಿಕೆಟ್, ವಿಮೆ, ಫಾರಂ ಎಲ್ಲದರಲ್ಲೂ ಒಂದೇ ರೀತಿ ಬರೆಸಿ.

ಫೋಟೊ ಸ್ಟುಡಿಯೊದಲ್ಲಿ 'ಪಾಸ್‌ಪೋರ್ಟ್ ಸೈಜ್' ಅಂತಷ್ಟೇ ಹೇಳಬೇಡಿ. ಷೆಂಗೆನ್‌ಗೆ 35 x 45 ಮಿಲಿಮೀಟರ್, ಅಮೆರಿಕಕ್ಕೆ 2 x 2 ಇಂಚು, ಹಿಂದೆ ಬಿಳಿ. ಅಮೆರಿಕದ್ದಕ್ಕೆ ಕನ್ನಡಕ ತೆಗೆಯಬೇಕು. ಮುಖ ಬೆಳ್ಳಗೆ ಮಾಡಿ ಸುಕ್ಕು ಅಳಿಸುವ ಟಚಪ್ ಬೇಡ ಅಂತ ಗಟ್ಟಿಯಾಗಿ ಹೇಳಿ. ಪ್ರೀತಿಯಿಂದಲೇ ಮಾಡಿಬಿಡುತ್ತಾರೆ.

ಪಹಣಿ, ವಂಶವೃಕ್ಷ ಎಲ್ಲ ಕನ್ನಡದಲ್ಲಿರುತ್ತವೆ. ಬ್ರಿಟನ್ನಿಗೆ ಪ್ರತಿ ಅನುವಾದದ ಮೇಲೂ ಇದು ಮೂಲಕ್ಕೆ ಸರಿಯಾಗಿದೆ ಅನ್ನುವ ಮಾತು, ತಾರೀಖು, ಅನುವಾದಕರ ಹೆಸರು, ಸಹಿ, ಸಂಪರ್ಕ ವಿವರ ಇರಬೇಕು. ಕೋರ್ಟ್ ಹತ್ತಿರ ನೋಟರಿ ಸೀಲು ಮಾತ್ರ ಹಾಕಿಸಿಕೊಂಡು ಬಂದರೆ ಸಾಲದು. ಎಲ್ಲ ಆಸ್ತಿ ಪತ್ರ ಅನುವಾದ ಮಾಡಿಸಿ ಸಾವಿರಾರು ರೂಪಾಯಿ ಕಳೆಯಬೇಡಿ. ಇತ್ತೀಚಿನ ಪಹಣಿ, ಸಂಬಂಧ ತೋರಿಸುವ ಒಂದು ಕಾಗದ, ಅಷ್ಟು ಸಾಕು.

ಬೆಂಗಳೂರಿಗೆ ಹೋಗಿ ಬರುವುದು

ಯುರೋಪ್, ಬ್ರಿಟನ್ ಎರಡಕ್ಕೂ ಬೆಂಗಳೂರಿನಲ್ಲಿ ಕೊಡಬಹುದು. ದಾವಣಗೆರೆಯಿಂದ ಹೆದ್ದಾರಿಯಲ್ಲಿ ಸುಮಾರು 260 ಕಿಲೋಮೀಟರ್. ಬೆಳಗಿನ ಸ್ಲಾಟ್ ಸಿಕ್ಕರೆ ಹಿಂದಿನ ರಾತ್ರಿಯೇ ಹೋಗಿ ಉಳಿಯಬೇಕು. ಮಧ್ಯಾಹ್ನದ ಸ್ಲಾಟ್ ಆದರೆ ಬೆಳಗಿನ ರೈಲು ಹಿಡಿದು ಹೋಗಿ ರಾತ್ರಿ ಮನೆಗೆ ಬರಬಹುದು. ವಯಸ್ಸಾದವರ ಜೊತೆ ನನ್ನ ಆಯ್ಕೆ ಹಿಂದಿನ ದಿನ ಹೋಗುವುದೇ. ಸುಸ್ತಾದ ಮುಖದಲ್ಲಿ, ಓಡಿ ಬಂದ ಗಾಬರಿಯಲ್ಲಿ ಕಾಗದ ಹುಡುಕುವುದು ತಪ್ಪುತ್ತದೆ. ಷೆಂಗೆನ್‌ಗೆ ಒಮ್ಮೆ ಕೊಟ್ಟ ಬೆರಳಚ್ಚು 59 ತಿಂಗಳು ನಡೆಯುತ್ತದೆ. ಬ್ರಿಟನ್ನಿಗೆ ಪ್ರತಿ ಅರ್ಜಿಗೂ ಹೊಸದಾಗಿ ಕೊಡಬೇಕು. ಪಾಸ್‌ಪೋರ್ಟ್ ವಾಪಸ್ ಪಡೆಯಲು ಮತ್ತೆ ಬೆಂಗಳೂರಿಗೆ ಹೋಗುವುದಕ್ಕಿಂತ ಕೊರಿಯರ್‌ಗೆ ದುಡ್ಡು ಕೊಡುವುದು ವಾಸಿ. ಪ್ರೀಮಿಯಂ ಲೌಂಜ್‌ಗೆ ದುಡ್ಡು ಹಾಕಿದರೆ ಕುರ್ಚಿ ಮೆತ್ತಗಿರುತ್ತದೆ, ತೀರ್ಮಾನ ಬದಲಾಗುವುದಿಲ್ಲ.

ಅಮೆರಿಕದ ವಿಷಯ ಬೇರೆ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅವರ ಕಾನ್ಸುಲೇಟ್ ಉದ್ಘಾಟನೆ ಆಯಿತು. ಆದರೆ ವೀಸಾ ಸೇವೆ ಅದರ ಜೊತೆಗೇ ಶುರುವಾಗಲಿಲ್ಲ. ನಮ್ಮವರು ಚೆನ್ನೈ ಅಥವಾ ಹೈದರಾಬಾದಿಗೆ ಹೋಗುತ್ತಾ ಬಂದಿದ್ದಾರೆ. ಎರಡರಲ್ಲಿ ಯಾವುದು ಅಂತ ದೂರ ನೋಡಿ ತೀರ್ಮಾನಿಸಬೇಡಿ. ಯಾವುದರಲ್ಲಿ ತಾರೀಖು ಬೇಗ ಸಿಗುತ್ತದೋ ಅದನ್ನೇ ಹಿಡಿಯಿರಿ.

ರಿಜೆಕ್ಟ್ ಆದರೆ ಮೇಲ್ಮನವಿಯಾ, ಹೊಸ ಅರ್ಜಿಯಾ?

ಬ್ರಿಟನ್ನಿನ ವಿಸಿಟರ್ ವೀಸಾಕ್ಕೆ ಸಾಮಾನ್ಯವಾಗಿ ಮೇಲ್ಮನವಿ ಇಲ್ಲ, ಅಮೆರಿಕಕ್ಕೂ ಇಲ್ಲ. ಮತ್ತೆ ಶುಲ್ಕ ಕಟ್ಟಿ ಹೊಸ ಅರ್ಜಿ ಹಾಕಬೇಕು. ಷೆಂಗೆನ್‌ನಲ್ಲಿ ಕಾರಣಕ್ಕೆ ಗುರುತು ಹಾಕಿದ ಒಂದು ಹಾಳೆ ಕೊಡುತ್ತಾರೆ. ಮೇಲ್ಮನವಿಯ ಹಕ್ಕೂ ಇದೆ, ಆದರೆ ಆ ದೇಶದ ನಿಯಮದಂತೆ. ಜರ್ಮನಿ ಮೊದಲು ಕಾನ್ಸುಲೇಟಿಗೇ ಪತ್ರ ಬರೆದು ಮರುಪರಿಶೀಲನೆ ಕೇಳಲು ಬಿಡುತ್ತಿತ್ತು. 2025ರ ಜುಲೈ 1ರಿಂದ ಅದನ್ನು ನಿಲ್ಲಿಸಿತು. ಈಗ ಉಳಿದಿರುವುದು ಅಲ್ಲಿನ ಕೋರ್ಟ್ ಅಥವಾ ಹೊಸ ಅರ್ಜಿ. ಪ್ರವಾಸಕ್ಕೆ ಹೊರಟವರಿಗೆ ಹೊಸ ಅರ್ಜಿಯೇ ಸರಿ. ಆದರೆ ಅದೇ ಫೈಲನ್ನು ಮರುವಾರವೇ ಇನ್ನೊಂದು ಸಲ ಕೊಡಬೇಡಿ. ಹಾಳೆಯಲ್ಲಿ ಗುರುತು ಹಾಕಿದ ಕಾರಣ ದುಡ್ಡಿನದಾ, ಪ್ರವಾಸದ ಉದ್ದೇಶದ್ದಾ, ವಾಪಸ್ ಬರುವ ಅನುಮಾನದ್ದಾ ನೋಡಿ. ಅದಕ್ಕೆ ಉತ್ತರ ಕೊಡುವ ಹೊಸ ಕಾಗದ ಕೈಗೆ ಬಂದ ಮೇಲೆ ಹಾಕಿ. ಹೊಸ ಫಾರಂನಲ್ಲಿ ಹಿಂದೆ ರಿಜೆಕ್ಟ್ ಆಗಿತ್ತಾ ಅಂತ ಕೇಳಿದ ಕಡೆ 'ಹೌದು' ಅಂತ ಬರೆದು, ತಾರೀಖು, ಕಾರಣ ಎರಡನ್ನೂ ಕೊಡಿ.